ರೊಟ್ಟಿ ಉಣ್ಣುವ ಮನೆಗೆ ಎಷ್ಟು ದೊಡ್ಡ ರೈಸ್ ಕುಕ್ಕರ್ ಬೇಕು?

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದಲ್ಲಿದ್ದೇವೆ. ನಾನು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆಯಲ್ಲಿ ಅತ್ತೆ, ನಾನು, ಮಗಳು ಮೂವರೇ. ಎರಡೂ ಹೊತ್ತು ರೊಟ್ಟಿ ಇರುತ್ತದೆ, ಕೊನೆಗೆ ಸ್ವಲ್ಪ ಅನ್ನ ಸಾರು. ಮಧ್ಯಾಹ್ನ ಅತ್ತೆ ಒಬ್ಬರೇ ಮನೆಯಲ್ಲಿರುತ್ತಾರೆ. ಅವರಿಗೆ ಎಪ್ಪತ್ತು ದಾಟಿದೆ. ಅನ್ನ ಬಿಸಿ ಇದ್ದರೇನೇ ಉಣ್ಣುತ್ತಾರೆ. ಆದರೆ ಗ್ಯಾಸ್ ಮೇಲೆ ಕುಕ್ಕರ್ ಇಟ್ಟರೆ ಸೀಟಿ ಲೆಕ್ಕ ತಪ್ಪುತ್ತಾರೆ, ಒಮ್ಮೊಮ್ಮೆ ಗ್ಯಾಸ್ ಬಂದ್ ಮಾಡುವುದೇ ಮರೆತುಹೋಗುತ್ತದೆ. ಅದಕ್ಕೆ ಸಣ್ಣದೊಂದು ಕರೆಂಟಿನ ರೈಸ್ ಕುಕ್ಕರ್ ತರಬೇಕು ಅಂತಿದ್ದೇನೆ. ಅಂಗಡಿಯಲ್ಲಿ 1.8 ಲೀಟರ್‌ದು ತಗೊಳ್ಳಿ, ನೆಂಟರು ಬಂದರೂ ಆಗುತ್ತದೆ ಅಂತಾರೆ. ಎಷ್ಟು ಲೀಟರ್‌ದು ತರಲಿ? ಸ್ಟೀಲ್ ಒಳ್ಳೆಯದಾ, ನಾನ್‌ಸ್ಟಿಕ್ ಒಳ್ಳೆಯದಾ? ಅದರಲ್ಲೇ ಬೇಳೆನೂ ಬೇಯುತ್ತದಾ? ಕರೆಂಟ್ ಬಿಲ್ ಜಾಸ್ತಿ ಬರುತ್ತದಾ?

ಉತ್ತರ: ಅಕ್ಕೋರೇ, 1.8 ಲೀಟರ್‌ದು ನಿಮಗೆ ಬೇಡ. ನಿಮ್ಮ ಮನೆಗೆ ಬೇಕಾಗಿರುವುದು ಒಂದರಿಂದ ಒಂದೂವರೆ ಲೀಟರ್ ನೀರು ಹಿಡಿಯುವ ಪಾತ್ರೆಯ, 300ರಿಂದ 450 ವ್ಯಾಟ್‌ನ, ಒಂದೇ ಸ್ವಿಚ್ ಇರುವ ಸಾದಾ ಕುಕ್ಕರ್. ಯಾಕೆ ಅಂತ ಹೇಳುತ್ತೇನೆ. ಅತ್ತೆಯವರು ಒಬ್ಬರೇ ಬಳಸುವವರು, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ.

ಮೊದಲು ಊಟದ ಲೆಕ್ಕ. ಪೆಟ್ಟಿಗೆಯ ಮೇಲೆ ನಾಲ್ಕು ಜನರಿಗೆ, ಆರು ಜನರಿಗೆ ಅಂತ ಬರೆದಿರುತ್ತಾರಲ್ಲ, ಅದು ಅನ್ನವನ್ನೇ ಹೊಟ್ಟೆ ತುಂಬ ಉಣ್ಣುವ ಮನೆಯ ಲೆಕ್ಕ. ಬಾಗಲಕೋಟೆ, ವಿಜಯಪುರದ ಕಡೆ ಹಾಗಿಲ್ಲ. ಜೋಳದ ರೊಟ್ಟಿ, ಪಲ್ಯ, ಚಟ್ನಿ ಪುಡಿ, ಮೊಸರು ಇವೆಲ್ಲ ಆದಮೇಲೆ ಅನ್ನ. ರೊಟ್ಟಿ ತಿಂದ ಮೇಲೆ ಒಬ್ಬರಿಗೆ 50ರಿಂದ 60 ಗ್ರಾಂ ಅಕ್ಕಿಯ ಅನ್ನ ಸಾಕು. ಮೂವರಿಗೆ ಸೇರಿ 150ರಿಂದ 180 ಗ್ರಾಂ. ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180 ಮಿಲಿಲೀಟರ್ ಇರುತ್ತದೆ. ಅದರಲ್ಲಿ ಸುಮಾರು 150 ಗ್ರಾಂ ಅಕ್ಕಿ ಹಿಡಿಯುತ್ತದೆ. ಅಂದರೆ ರಾತ್ರಿ ಮೂವರೂ ಉಂಡರೂ ನಿಮಗೆ ಬೇಕಾಗುವುದು ಒಂದು ಕಪ್, ಹೆಚ್ಚೆಂದರೆ ಒಂದೂಕಾಲು. ಮಧ್ಯಾಹ್ನ ಅತ್ತೆಯವರಿಗೆ ಅರ್ಧ ಕಪ್.

ಈ ಅರ್ಧ ಕಪ್ಪನ್ನೇ ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ನೆಂಟರನ್ನಲ್ಲ.

ದೊಡ್ಡ ಕುಕ್ಕರ್‌ನಲ್ಲಿ ಸ್ವಲ್ಪ ಅಕ್ಕಿ ಹಾಕಿದರೆ ಏನಾಗುತ್ತದೆ ಅಂತ ಕೇಳಬಹುದು. ದೊಡ್ಡದರ ಪಾತ್ರೆಯ ತಳ 20 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. ಅದರಲ್ಲಿ ಅರ್ಧ ಕಪ್ ಅಕ್ಕಿ ಹರಡಿದರೆ 3 ಮಿಲಿಮೀಟರ್ ದಪ್ಪವೂ ಆಗುವುದಿಲ್ಲ. ಅಷ್ಟು ತೆಳ್ಳಗಿನ ಅಕ್ಕಿಯ ಕೆಳಗೆ 700 ವ್ಯಾಟ್‌ನ ತಟ್ಟೆ ಉರಿಯುತ್ತದೆ. ನೀರು ಬೇಗ ಆವಿಯಾಗಿ ಹೋಗುತ್ತದೆ, ಕಾಳಿನ ಒಳಗೆ ಹೋಗುವಷ್ಟು ಹೊತ್ತು ನಿಲ್ಲುವುದಿಲ್ಲ. ತಳದಲ್ಲಿ ಕೆಂಪು ಹಕ್ಕಳೆ, ಮೇಲೆ ಅರೆಬೆಂದ ಅಕ್ಕಿ. ಆಮೇಲೆ ಕುಕ್ಕರೇ ಸರಿ ಇಲ್ಲ ಅಂತ ರಿಪೇರಿಗೆ ತರುತ್ತಾರೆ. ಹಾಗೆ ಬಂದ ಎಷ್ಟೋ ಕುಕ್ಕರ್‌ಗಳಲ್ಲಿ ಏನೂ ಕೆಟ್ಟಿರುವುದಿಲ್ಲ, ಮನೆಗೆ ದೊಡ್ಡದಾಗಿರುತ್ತವೆ ಅಷ್ಟೇ. ಅದೇ ಅರ್ಧ ಕಪ್ ಅಕ್ಕಿಯನ್ನು 14 ಸೆಂಟಿಮೀಟರ್ ಅಗಲದ ಪಾತ್ರೆಗೆ ಹಾಕಿದರೆ ದಪ್ಪ ಎರಡು ಪಟ್ಟು ಆಗುತ್ತದೆ, ಅನ್ನ ಸರಿಯಾಗಿ ಅರಳುತ್ತದೆ. ಆದ್ದರಿಂದ ಅಗಲ ಕಡಿಮೆ, ಆಳ ಜಾಸ್ತಿ ಇರುವ ಪಾತ್ರೆ ಹುಡುಕಿ. ಹಬ್ಬಕ್ಕೋ ಜಾತ್ರೆಗೋ ನೆಂಟರು ಬಂದ ದಿನ ನಿಮ್ಮ ಹಳೆಯ ಪ್ರೆಷರ್ ಕುಕ್ಕರ್ ಇದ್ದೇ ಇದೆ, ಅವತ್ತು ನೀವೂ ಮನೆಯಲ್ಲಿರುತ್ತೀರಿ.

ಇನ್ನು ಲೀಟರ್ ವಿಷಯ. ಇಲ್ಲಿ ಜನ ತುಂಬಾ ಮೋಸ ಹೋಗುತ್ತಾರೆ. ಯಾರೂ ಬೇಕಂತ ಮೋಸ ಮಾಡುತ್ತಿಲ್ಲ, ಅಳೆಯುವ ರೀತಿಯೇ ಎರಡು ಇವೆ. ಕೆಲವು ಕಂಪನಿಗಳು ಪಾತ್ರೆಯಲ್ಲಿ ಒಟ್ಟು ಎಷ್ಟು ನೀರು ಹಿಡಿಯುತ್ತದೋ ಅದನ್ನು ಲೀಟರ್ ಅಂತ ಬರೆಯುತ್ತವೆ. ಇನ್ನು ಕೆಲವು ಎಷ್ಟು ಹಸಿ ಅಕ್ಕಿ ಹಾಕಬಹುದೋ ಅದನ್ನು ಬರೆಯುತ್ತವೆ. ಹೀಗಾಗಿ ಒಂದೇ ಅಂಕಿ ಬರೆದ ಎರಡು ಕುಕ್ಕರ್ ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದರ ಎರಡು ಪಟ್ಟು ಕಾಣಬಹುದು.

0.6 ಲೀಟರ್ ಅಂತ ಬರೆದ ಕುಕ್ಕರ್ ನೋಡೋಣ. ಅದು ಪಾತ್ರೆಯ ಒಟ್ಟು ಅಳತೆ ಆಗಿದ್ದರೆ ನಿಮಗೆ ಸಾಲದು. ಒಂದು ಕಪ್ ಅಕ್ಕಿಗೆ ಎರಡೂವರೆ ಕಪ್ ನೀರು ಅಂದರೆ 450 ಮಿಲಿಲೀಟರ್. ಅಕ್ಕಿಯ ಸಂದಿಯಲ್ಲಿ ಒಂದಿಷ್ಟು ನೀರು ಇಳಿದರೂ ಎರಡೂ ಸೇರಿ 550 ಮಿಲಿಲೀಟರ್ ಆಗುತ್ತದೆ. 600 ಮಿಲಿಲೀಟರ್‌ನ ಪಾತ್ರೆಯಲ್ಲಿ ಅದು ಕಂಠದ ತನಕ ಬಂತು. ಕುದಿ ಬಂದ ಕೂಡಲೇ ಗಂಜಿ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯುತ್ತದೆ. ಆದರೆ ಅದೇ 0.6 ಅನ್ನುವುದು ಹಸಿ ಅಕ್ಕಿಯ ಅಳತೆ ಆಗಿದ್ದರೆ ಅದರಲ್ಲಿ ಮೂರು ಕಪ್ ಅಕ್ಕಿಯ ಅನ್ನ ಆಗುತ್ತದೆ, ನಿಮಗೆ ಧಾರಾಳ ಆಯಿತು. ಅದಕ್ಕೇ ಮುಂದೆ ದೊಡ್ಡದಾಗಿ ಅಚ್ಚಾದ ಅಂಕಿ ಬಿಡಿ. ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎಷ್ಟು ಗ್ರಾಂ ಅಕ್ಕಿ, ಎಷ್ಟು ಕಪ್ ಅಕ್ಕಿ ಅಂತ ಬರೆದಿರುತ್ತಾರೆ, ಅದನ್ನು ಓದಿ. ಎರಡರಿಂದ ಮೂರು ಕಪ್ ಅಥವಾ 300ರಿಂದ 450 ಗ್ರಾಂ ಅಂತ ಇದ್ದರೆ ಅದು ನಿಮ್ಮದು. ಏನೂ ಬರೆದಿಲ್ಲದಿದ್ದರೆ ಒಂದು ಲೀಟರ್‌ನ ನೀರಿನ ಬಾಟಲಿ ತೆಗೆದುಕೊಂಡು ಹೋಗಿ. ಪಾತ್ರೆಗೆ ಸುರಿದು ನೋಡಿ, ಒರೆಸಿ ವಾಪಸ್ ಕೊಡಿ. ಒಂದು ಬಾಟಲಿ ಪೂರ್ತಿ ಹಿಡಿಯಬೇಕು.

ಈಗ ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ. ಪಾತ್ರೆ ಎತ್ತಿ ಒಳಗೆ ನೋಡಿ. ಅಲ್ಯೂಮಿನಿಯಂ ತಟ್ಟೆ ಇದೆ, ಅದರ ನಟ್ಟನಡುವೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಗುಂಡಿ ತುಸು ಮೇಲೆ ಬಂದಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಕೆಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಕುಕ್ಕರ್‌ನ ಜೀವ ಇರುವುದು ಅದರಲ್ಲೇ. ಅದರೊಳಗೆ ಒಂದು ಸ್ಪ್ರಿಂಗ್, ಒಂದು ಮ್ಯಾಗ್ನೆಟ್, ಮ್ಯಾಗ್ನೆಟ್‌ಗೆ ಅಂಟಿಕೊಳ್ಳುವ ಒಂದು ಲೋಹದ ಬಿಲ್ಲೆ. ನೀವು ಕುಕ್ಕರ್‌ನ ಹೊರಗಿನ ಸ್ವಿಚ್ ಒತ್ತಿದಾಗ ಮ್ಯಾಗ್ನೆಟ್, ಬಿಲ್ಲೆ ಎರಡೂ ಅಂಟಿಕೊಳ್ಳುತ್ತವೆ, ಹೀಟರ್ ಚಾಲೂ ಆಗುತ್ತದೆ. ಪಾತ್ರೆಯಲ್ಲಿ ನೀರು ಇರುವ ತನಕ ಬಿಸಿ ಸುಮಾರು 100 ಡಿಗ್ರಿ ದಾಟುವುದಿಲ್ಲ, ಎಷ್ಟು ಕುದಿಸಿದರೂ ಅಷ್ಟೇ. ಅಕ್ಕಿ ನೀರನ್ನೆಲ್ಲ ಕುಡಿದ ಮೇಲೆ ತಳದ ಬಿಸಿ ಏರತೊಡಗುತ್ತದೆ. 100 ದಾಟಿ ಇನ್ನು ಕೆಲವೇ ಡಿಗ್ರಿ ಏರುತ್ತಲೇ ಆ ಬಿಲ್ಲೆ ಮ್ಯಾಗ್ನೆಟ್‌ಗೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ಸ್ಪ್ರಿಂಗ್ ತಳ್ಳುತ್ತದೆ, ಟಕ್ ಅಂತ ಸ್ವಿಚ್ ಮೇಲೆ ಬರುತ್ತದೆ. ಜಪಾನಿನ ತೋಶಿಬಾ ಕಂಪನಿ 1955ರಲ್ಲಿ ತಾನೇ ಆರುವ ಕುಕ್ಕರ್ ಮಾರುಕಟ್ಟೆಗೆ ತಂದಾಗ ಒಳಗಿನ ಜೋಡಣೆ ಬೇರೆ ಇತ್ತು, ಆದರೆ ನೀರು ಮುಗಿದಾಗ ಬಿಸಿ ಏರುತ್ತದೆ ಅನ್ನುವ ಇದೇ ಸಂಗತಿಯ ಮೇಲೆ ಅದೂ ನಡೆಯುತ್ತಿತ್ತು.

ಅಂದರೆ ಇದರಲ್ಲಿ ಟೈಮರ್ ಇಲ್ಲ. ಅರ್ಧ ಕಪ್ ಇರಲಿ, ಎರಡು ಕಪ್ ಇರಲಿ, ನೀರು ಮುಗಿದಾಗ ನಿಲ್ಲುತ್ತದೆ. ನಮ್ಮ ಕಡೆಗೆ ಇದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟ್ ಡಿಮ್ ಆಗುತ್ತದೆ, ಅಲ್ವಾ? 230 ವೋಲ್ಟ್ ಇರಬೇಕಾದ ಕಡೆ 180 ಬಂದರೆ ಹೀಟರ್‌ನ ಶಕ್ತಿ ಶೇಕಡಾ 60ರಷ್ಟಕ್ಕೆ ಇಳಿಯುತ್ತದೆ. 400 ವ್ಯಾಟ್‌ನ ಕುಕ್ಕರ್ ಆಗ 245 ವ್ಯಾಟ್‌ನಂತೆ ಉರಿಯುತ್ತದೆ. ಅನ್ನಕ್ಕೆ ಹೊತ್ತು ಹಿಡಿಯುತ್ತದೆ, ಆದರೆ ಹಸಿ ಉಳಿಯುವುದಿಲ್ಲ. ಅತ್ತೆಯವರಿಗೆ ಇದನ್ನು ಮೊದಲೇ ಹೇಳಿಡಿ. ನಿನ್ನೆ ಬೇಗ ಆಗಿತ್ತು, ಇವತ್ತು ಯಾಕೆ ಇನ್ನೂ ಆಗಿಲ್ಲ ಅಂತ ಗಾಬರಿಯಾಗಿ ಮುಚ್ಚಳ ತೆಗೆದು ತೆಗೆದು ನೋಡಿದರೆ ಆವಿ ಹೋಗಿ ಅನ್ನ ಕೆಡುತ್ತದೆ.

ಬೇಳೆಯ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ತೊಗರಿ ಬೇಳೆ ಇದರಲ್ಲಿ ಮಾಡಲು ಹೋಗಬೇಡಿ. ಪ್ರೆಷರ್ ಕುಕ್ಕರ್‌ನಲ್ಲಿ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ, ಅದಕ್ಕೇ ಬೇಳೆ ಬೇಗ ಕರಗುತ್ತದೆ. ಇಲ್ಲಿ 100 ಡಿಗ್ರಿಯಲ್ಲೇ ಕುದಿಯಬೇಕು. ಮೇಲಾಗಿ ಬಾಗಲಕೋಟೆ, ವಿಜಯಪುರದಲ್ಲಿ ಎಷ್ಟೋ ಮನೆಗಳಿಗೆ ಬೋರ್ ನೀರೇ ಗತಿ, ಅದು ಗಡಸು. ಗಡಸು ನೀರಿನ ಸುಣ್ಣದ ಅಂಶ ಬೇಳೆಯನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಬೇಳೆಗೆ ನೀರು ಜಾಸ್ತಿ ಹಾಕುತ್ತೀರಿ, ನೀರು ಇರುವ ತನಕ ಸ್ವಿಚ್ ಮೇಲೆ ಬರುವುದಿಲ್ಲ. ತಾನೇ ನಿಲ್ಲುತ್ತದೆ ಅಂತ ನಂಬಿ ಬಿಟ್ಟರೆ ಅದು ಉಕ್ಕುತ್ತಾ ಕುದಿಯುತ್ತಲೇ ಇರುತ್ತದೆ. ಗಂಜಿಗೂ ಇದೇ ಮಾತು. ಅನ್ನದಂತೆ ನೀರು ಪೂರ್ತಿ ಹಿಂಗುವ ಅಡಿಗೆಗೆ ಮಾತ್ರ ಈ ಸ್ವಿಚ್ ಕಾವಲು ಕಾಯುತ್ತದೆ. ಅತ್ತೆಯವರು ಒಬ್ಬರೇ ಇದ್ದಾಗ ಅನ್ನ ಬಿಟ್ಟು ಬೇರೇನೂ ಇದರಲ್ಲಿ ಇಡುವುದು ಬೇಡ. ಬೇಳೆಯನ್ನು ಬೆಳಿಗ್ಗೆ ನೀವೇ ಪ್ರೆಷರ್ ಕುಕ್ಕರ್‌ನಲ್ಲಿ ಬೇಯಿಸಿ ಸಾರು ಮಾಡಿಟ್ಟು ಹೋಗಿ.

ನೀವು ಮನೆಯಲ್ಲಿದ್ದಾಗ ಮಾತ್ರ ಇದರಲ್ಲಿ ಬೇರೆ ಅಡಿಗೆಯೂ ಚೆನ್ನಾಗಿ ಆಗುತ್ತದೆ. ನವಣಕ್ಕಿ, ಸಾವಕ್ಕಿ ಅನ್ನ ಎರಡೂವರೆ ಪಟ್ಟು ನೀರಿನಲ್ಲಿ ಅರಳಿ ಬರುತ್ತದೆ. ಗೋಧಿ ನುಚ್ಚೂ ಆಗುತ್ತದೆ. ಹೆಸರುಬೇಳೆ ಹಾಕಿದ ಖಿಚಡಿ ಆಗುತ್ತದೆ, ಯಾಕೆಂದರೆ ಹೆಸರುಬೇಳೆ ಬೇಗ ಮೆತ್ತಗಾಗುವ ಬೇಳೆ. ಒಗ್ಗರಣೆ ಮಾತ್ರ ಬೇರೆ ಬಾಣಲೆಯಲ್ಲಿ ಮಾಡಿ. ಎಣ್ಣೆ ಕಾಯುವ ಮೊದಲೇ ಇದರ ಸ್ವಿಚ್ ಎದ್ದುಬಿಡುತ್ತದೆ. ಅದನ್ನು ಕೈಯಿಂದ ಒತ್ತಿ ಹಿಡಿದು ಒಗ್ಗರಣೆ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಒಳಗಿನ ಫ್ಯೂಸ್ ಸುಡುತ್ತದೆ.

ಸ್ಟೀಲೋ ನಾನ್‌ಸ್ಟಿಕ್ಕೋ? ಅತ್ತೆಯವರ ಕೈಗೆ ಕೊಡುವುದಾದರೆ ನಾನು ಹೇಳುವುದು ಅಲ್ಯೂಮಿನಿಯಂ ಪಾತ್ರೆಯದು, ಒಳಗೆ ನಾನ್‌ಸ್ಟಿಕ್ ಲೇಪ ಇದ್ದದ್ದು ಅಥವಾ ಗಟ್ಟಿ ಆನೊಡೈಸ್ ಮಾಡಿದ್ದು, ಅಂದರೆ ಲೋಹದ ಮೇಲ್ಮೈಯನ್ನೇ ಗಟ್ಟಿಗೊಳಿಸಿದ್ದು. ಅಲ್ಯೂಮಿನಿಯಂನಲ್ಲಿ ಬಿಸಿ ತಳದ ತುಂಬ ಸಮನಾಗಿ ಹರಡುತ್ತದೆ. ತೆಳ್ಳಗಿನ ಸ್ಟೀಲ್‌ನಲ್ಲಿ ಹಾಗಾಗುವುದಿಲ್ಲ, ಸ್ವಲ್ಪ ಅಕ್ಕಿ ಮಾಡುವಾಗ ತಳಕ್ಕೆ ಅಂಟುತ್ತದೆ, ಅಂಟಿದ್ದನ್ನು ತಿಕ್ಕುವುದು ವಯಸ್ಸಾದವರಿಗೆ ಕಷ್ಟ. ಸ್ಟೀಲೇ ಬೇಕೆಂದರೆ ತಳ ದಪ್ಪ ಇದೆಯಾ ನೋಡಿ. ನಾನ್‌ಸ್ಟಿಕ್ ಆರೋಗ್ಯಕ್ಕೆ ಕೆಟ್ಟದ್ದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಆ ಲೇಪ ಕೆಡಲು ಶುರುವಾಗುವುದು 260 ಡಿಗ್ರಿ ದಾಟಿದ ಮೇಲೆ. ಅನ್ನದ ಕುಕ್ಕರ್ 100ಕ್ಕಿಂತ ತುಸು ಮೇಲೆ ಹೋದ ಕೂಡಲೇ ನಿಲ್ಲುತ್ತದೆ. ಒಲೆಯ ಮೇಲಿನ ಖಾಲಿ ತವೆಗೆ ಇರುವ ಭಯ ಇದಕ್ಕಿಲ್ಲ. ಇಲ್ಲಿ ಶತ್ರು ಸ್ಟೀಲ್ ಸೌಟು. ಮರದ ಅಥವಾ ಪ್ಲಾಸ್ಟಿಕ್ ಸೌಟನ್ನೇ ಬಳಸಿ, ಅಕ್ಕಿಯನ್ನು ಬೇರೆ ಬೋಗಾಣಿಯಲ್ಲಿ ತೊಳೆದು ಹಾಕಿ. ಲೇಪ ಏಳಲು ಶುರುವಾದರೆ ಪಾತ್ರೆ ಬದಲಿಸಿ. ಸಾದಾ ಅಲ್ಯೂಮಿನಿಯಂ ಪಾತ್ರೆ ಇದ್ದರೆ ಹುಣಸೆಹುಳಿ, ಟೊಮೆಟೊ ಹಾಕಿದ ಅನ್ನವನ್ನು ಅದರಲ್ಲಿ ಬಿಟ್ಟಿಡಬೇಡಿ, ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಗುಂಡಿಗಳು, ಪರದೆ, ಹತ್ತು ಹನ್ನೆರಡು ಮೆನು ಇರುವ ಡಿಜಿಟಲ್ ಕುಕ್ಕರ್‌ಗಳೂ ಬಂದಿವೆ. ಒಳ್ಳೆಯವೇ. ಆದರೆ ಅತ್ತೆಯವರಿಗೆ ಬೇಡ. ಕಣ್ಣಿಗೆ ಕಾಣುವ, ಕೈಗೆ ಸಿಗುವ, ಕೆಳಗೆ ಒತ್ತಿದರೆ ಟಕ್ ಅನ್ನುವ ಸ್ವಿಚ್ ಇರಲಿ. ಕೆಂಪು ದೀಪ ಅಂದರೆ ಬೇಯುತ್ತಿದೆ, ಇನ್ನೊಂದು ದೀಪ ಅಂದರೆ ಆಗಿದೆ, ಇಷ್ಟೇ ಇರಬೇಕು. ದೀಪಗಳ ಪಕ್ಕದ ಅಕ್ಷರ ಇಂಗ್ಲಿಷ್‌ನಲ್ಲೇ ಇರುತ್ತದೆ. ಒಂದು ಚೀಟಿಯಲ್ಲಿ "ಬೇಯುತ್ತಿದೆ", "ಆಯಿತು" ಅಂತ ದಪ್ಪಗೆ ಬರೆದು ಅಂಟಿಸಿಬಿಡಿ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ತಾನೇ ಬಂದ್ ಆಗುತ್ತದೆ ಅಂತ ಮಾರುವ ಸಾದಾ ಕುಕ್ಕರ್‌ಗಳಲ್ಲಿ ಹೆಚ್ಚಿನವು ಪೂರ್ತಿ ಬಂದ್ ಆಗುವುದಿಲ್ಲ. ಬೇಯಿಸುವುದನ್ನು ನಿಲ್ಲಿಸಿ ಬಿಸಿ ಇಡುವುದಕ್ಕೆ ಬರುತ್ತವೆ. ಆಗಲೂ ಸುಮಾರು 30, 40 ವ್ಯಾಟ್ ಕರೆಂಟ್ ಹರಿಯುತ್ತಲೇ ಇರುತ್ತದೆ. ಗ್ಯಾಸ್ ಮರೆತಷ್ಟು ಅಪಾಯ ಇಲ್ಲ, ಆದರೆ ಊಟ ಆದಮೇಲೆ ಗೋಡೆಯ ಸ್ವಿಚ್ ಆರಿಸುವುದು ರೂಢಿ ಆಗಬೇಕು. ಅದಕ್ಕೇ ಕುಕ್ಕರನ್ನು ಅವರ ಕೈಗೆ ಎಟಕುವ ಸ್ವಿಚ್ ಹತ್ತಿರ ಇಡಿ. ನೀರಿನ ನಳದಿಂದ ದೂರ ಇರಲಿ, ಗೋಡೆಗೆ ಒತ್ತಿಕೊಂಡಿರುವುದು ಬೇಡ. 300, 400 ವ್ಯಾಟ್‌ಗೆ ಮಿಕ್ಸರ್ ಹಾಕುವ ಸಣ್ಣ 6 ಆಂಪಿಯರ್ ಪಾಯಿಂಟ್ ಸಾಕು. ಆದರೆ ಮೂರು ಪಿನ್ನಿನದೇ ಆಗಬೇಕು, ಅದರ ಅರ್ಥಿಂಗ್ ನಿಜವಾಗಿ ಇದೆಯಾ ಅಂತ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಎಷ್ಟೋ ಹಳೆಯ ಮನೆಗಳಲ್ಲಿ ಮೂರನೇ ತೂತು ಸುಮ್ನೆ ಇರುತ್ತದೆ, ಒಳಗೆ ವೈರೇ ಇರುವುದಿಲ್ಲ. ಲೋಹದ ಕುಕ್ಕರ್, ಒದ್ದೆ ಕೈ, ವಯಸ್ಸಾದ ಜೀವ. ಈ ಕೆಲಸವನ್ನು ಕುಕ್ಕರ್ ತರುವ ಮೊದಲೇ ಮಾಡಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಇನ್ನೊಂದು ಅಪಾಯ ಇದೆ, ಅದನ್ನು ಪೆಟ್ಟಿಗೆಯ ಮೇಲೆ ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ಒಳಗೆ ಪಾತ್ರೆ ಇಡುವುದನ್ನು ಮರೆತು ಅಕ್ಕಿ ನೀರನ್ನು ನೇರವಾಗಿ ಕುಕ್ಕರ್‌ಗೆ ಸುರಿದುಬಿಡುವುದು. ರಿಪೇರಿಗೆ ಬರುವ ಕುಕ್ಕರ್‌ಗಳಲ್ಲಿ ಹೀಗಾದವು ಇದ್ದೇ ಇರುತ್ತವೆ. ವಯಸ್ಸಾದವರಷ್ಟೇ ಅಲ್ಲ, ಅವಸರದಲ್ಲಿರುವ ಯಾರಿಂದಲೂ ಆಗುವಂಥದ್ದು. ನೀರು ಹೀಟರ್, ವೈರ್ ಇರುವ ಕಡೆ ಇಳಿದರೆ ಶಾಕ್ ಹೊಡೆಯಬಹುದು. ಇದಕ್ಕೆ ನನ್ನ ಸಲಹೆ ಹೀಗಿದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನೀವೇ ಪಾತ್ರೆಯ ಹೊರಮೈ ಒರೆಸಿ ಕುಕ್ಕರ್ ಒಳಗೆ ಕೂರಿಸಿ. ಅರ್ಧ ಕಪ್ ಅಕ್ಕಿ ಆರಿಸಿ ಒಣಗಿದ್ದನ್ನೇ ಹಾಕಿ ಮುಚ್ಚಿಡಿ. ಬೇಕಾದಷ್ಟು ನೀರನ್ನು ಅಳೆದು ಒಂದು ತಂಬಿಗೆಯಲ್ಲಿ ಪಕ್ಕಕ್ಕೆ ಇಡಿ. ಮಧ್ಯಾಹ್ನ ಅತ್ತೆಯವರು ತಂಬಿಗೆ ನೀರು ಸುರಿದು, ಮುಚ್ಚಿ, ಗೋಡೆಯ ಸ್ವಿಚ್ ಹಾಕಿ, ಕುಕ್ಕರ್‌ನ ಸ್ವಿಚ್ ಒತ್ತಿದರೆ ಆಯಿತು. ತೊಳೆಯದ ಅಕ್ಕಿ ಮನಸ್ಸಿಗೆ ಒಪ್ಪದಿದ್ದರೆ ಹಿಂದಿನ ಭಾನುವಾರವೇ ವಾರಕ್ಕೆ ಬೇಕಾದಷ್ಟು ಅಕ್ಕಿ ತೊಳೆದು ಬಟ್ಟೆಯ ಮೇಲೆ ಚೆನ್ನಾಗಿ ಒಣಗಿಸಿ ಡಬ್ಬಿಗೆ ತುಂಬಿ. ತೊಳೆದ ಅಕ್ಕಿ ಉಕ್ಕುವುದೂ ಕಡಿಮೆ, ಯಾಕೆಂದರೆ ಮೇಲಿನ ಹಿಟ್ಟು ಹೋಗಿರುತ್ತದೆ. ನೀರು ಹಾಕಿ ನೆನೆಸಿ ಮಾತ್ರ ಇಟ್ಟು ಹೋಗಬೇಡಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬೆಳಗಿನ ಎಂಟರಿಂದ ಮಧ್ಯಾಹ್ನದ ತನಕ ನೆಂದ ಅಕ್ಕಿ ಹುಳಿ ವಾಸನೆ ಹೊಡೆಯುತ್ತದೆ.

ಅನ್ನ ಆದಮೇಲೂ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಡಲಿ, ಒಳಗಿನ ಆವಿ ಎಲ್ಲ ಕಡೆ ಹರಡುತ್ತದೆ. ಪಾತ್ರೆಯನ್ನು ಎತ್ತಿ ತೆಗೆಯುವುದು ಬೇಡ, ಅಲ್ಲಿಂದಲೇ ಬಡಿಸಿಕೊಳ್ಳಲಿ. ಗಾಜಿನ ಮುಚ್ಚಳ ಇದ್ದರೆ ತೆರೆಯದೆಯೇ ಒಳಗೆ ಕಾಣುತ್ತದೆ, ಅತ್ತೆಯವರಿಗೆ ಅದೇ ಅನುಕೂಲ. ಮುಚ್ಚಳದ ಹಿಡಿಕೆ ಕಾಯದಂಥದ್ದು ಇರಬೇಕು.

ನೀರಿನ ಅಳತೆ ಅಕ್ಕಿಯ ಮೇಲಿದೆ. ಗಂಗಾವತಿ ಕಡೆಯಿಂದ ಬರುವ ಸೋನಾ ಮಸೂರಿ ಹೊಸದಾಗಿದ್ದರೆ ಎರಡು ಪಟ್ಟು ನೀರು, ಹಳೆಯದಾಗಿದ್ದರೆ ಎರಡೂವರೆ. ಅತ್ತೆಯವರಿಗೆ ಮೆತ್ತಗಿನ ಅನ್ನ ಬೇಕೆಂದರೆ ಇನ್ನೊಂದು ಕಾಲು ಕಪ್ ಸೇರಿಸಿ. ಬೆಳಗಾವಿ, ಖಾನಾಪುರದ ಕಡೆಯಿಂದ ಯಾರಾದರೂ ಇಂದ್ರಾಯಣಿ ತಂದುಕೊಟ್ಟರೆ ನೀರು ಕಡಿಮೆ ಮಾಡಿ. ಅದು ಅಂಟುವ ಅಕ್ಕಿ, ಎರಡು ಪಟ್ಟು ದಾಟಿದರೆ ಮುದ್ದೆಯಾಗುತ್ತದೆ. ಆದರೆ ಅದರ ಪರಿಮಳವೇ ಬೇರೆ, ಬರೀ ತುಪ್ಪ ಉಪ್ಪು ಹಾಕಿಕೊಂಡು ಉಣ್ಣಬಹುದು. ಸ್ವಲ್ಪ ಅಕ್ಕಿ ಬೇಯಿಸುವಾಗ ಆವಿಯಲ್ಲಿ ಹೋಗುವ ನೀರಿನ ಪಾಲು ಜಾಸ್ತಿ ಇರುತ್ತದೆ. ಒಂದು ಕಪ್ಪಿಗೆ ಹಾಕಿದ್ದರ ಸರಿ ಅರ್ಧ ನೀರನ್ನು ಅರ್ಧ ಕಪ್ಪಿಗೆ ಹಾಕಿದರೆ ಸಾಲುವುದಿಲ್ಲ. ಮೂರು ನಾಲ್ಕು ಚಮಚ ಹೆಚ್ಚಿಗೆ ಬೇಕು. ನೀವು ರಜೆ ಇರುವ ದಿನ ಅತ್ತೆಯವರ ಜೊತೆ ನಿಂತು ಅವರ ಕೈಯಿಂದಲೇ ಮಾಡಿಸಿ, ಸರಿ ಬಂದ ಅಳತೆಗೆ ತಂಬಿಗೆಯಲ್ಲಿ ಒಂದು ಗುರುತು ಹಾಕಿಡಿ.

ಕರೆಂಟಿನದು ದೊಡ್ಡ ಚಿಂತೆಯಲ್ಲ. 400 ವ್ಯಾಟ್ ಕುಕ್ಕರ್ 25 ನಿಮಿಷ ಉರಿದು, ಒಂದು ತಾಸು ಬಿಸಿ ಇಟ್ಟರೂ ಒಟ್ಟು 0.2 ಯೂನಿಟ್. ದಿನಕ್ಕೊಮ್ಮೆ ಮಾಡಿದರೆ ತಿಂಗಳಿಗೆ 6 ಯೂನಿಟ್, ಎರಡು ಸಲ ಮಾಡಿದರೆ 12. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 36ರಿಂದ 72 ರೂಪಾಯಿ. ನಿಮ್ಮ ಹೆಸ್ಕಾಂ ಬಿಲ್ ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದ್ದರೆ ಮಾತ್ರ ಒಂದು ಸಲ ಬಿಲ್ ತೆಗೆದು ನೋಡಿ. ಎಲ್ಲರಿಗೂ 200 ಯೂನಿಟ್ ಪೂರ್ತಿ ಬಿಟ್ಟಿ ಅಲ್ಲ. ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಹಾಕಿರುತ್ತಾರೆ. ಆ ಮಿತಿಯ ಅಂಚಿನಲ್ಲೇ ಇದ್ದರೆ ಈ ಆರು ಯೂನಿಟ್ ಲೆಕ್ಕಕ್ಕೆ ಬರುತ್ತದೆ.

ಉಳಿದ ಅನ್ನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ವಿಚ್ ಆರಿಸಿದ ಕುಕ್ಕರ್‌ನಲ್ಲಿ ಮಧ್ಯಾಹ್ನದ ಅನ್ನವನ್ನು ರಾತ್ರಿ ತನಕ, ರಾತ್ರಿಯದನ್ನು ಬೆಳಗಿನ ಚಿತ್ರಾನ್ನದ ತನಕ ಬಿಡಬೇಡಿ. ಅನ್ನದಲ್ಲಿ ಬೇಯಿಸಿದರೂ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಉಳಿದಿರುತ್ತದೆ. ಅನ್ನ ಉಗುರು ಬೆಚ್ಚಗೆ ಇರುವಾಗ ಅದು ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ವಾಂತಿಭೇದಿ ವಯಸ್ಸಾದವರನ್ನು ಬೇಗ ಸುಸ್ತು ಮಾಡುತ್ತದೆ. ಬಿಸಿ ಇಡುವುದಾದರೆ ಕುಕ್ಕರ್ ಚಾಲೂ ಇದ್ದು 60 ಡಿಗ್ರಿಗಿಂತ ಮೇಲಿರಬೇಕು. ಇಲ್ಲ ಅಂದರೆ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್‌ನಲ್ಲಿಡಿ. ಬೇಕಾದಷ್ಟೇ ಮಾಡಲು ಬರುವ ಸಣ್ಣ ಕುಕ್ಕರ್ ತನ್ನಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿಸಿ ನೋಡಿ. ನಡುವಿನ ಗುಂಡಿ ಒತ್ತಿದರೆ ಸಲೀಸಾಗಿ ಇಳಿದು ಮೇಲೆ ಬರಬೇಕು. ಪಾತ್ರೆ ಇಟ್ಟು ಮೆಲ್ಲಗೆ ತಿರುಗಿಸಿದರೆ ತಟ್ಟೆಯ ಮೇಲೆ ಸಮನಾಗಿ ಕೂರಬೇಕು, ಅಲುಗಾಡಬಾರದು. ಆಮೇಲೆ ಪಾತ್ರೆ ಹೊರಗೆ ತೆಗೆದು ಸ್ವಿಚ್ ಒತ್ತಿ. ಒಳ್ಳೆಯ ಕುಕ್ಕರ್‌ಗಳಲ್ಲಿ ಪಾತ್ರೆ ಇಲ್ಲದೆ ಸ್ವಿಚ್ ಕೆಳಗೆ ನಿಲ್ಲುವುದಿಲ್ಲ. ಅತ್ತೆಯವರ ಸಲುವಾಗಿ ಈ ಒಂದನ್ನು ಮಾತ್ರ ಬಿಡಬೇಡಿ, ಒಳಗೆ ಏನೂ ಇಲ್ಲದೆ ಹೀಟರ್ ಉರಿಯುವುದನ್ನು ತಡೆಯುವುದು ಇದೇ. ವೈರ್ ಕುಕ್ಕರ್‌ನಿಂದ ಬಿಚ್ಚಲು ಬರುವಂಥದ್ದಾಗಿದ್ದರೆ ಇನ್ನೂ ಒಳ್ಳೆಯದು. ಐಎಸ್‌ಐ ಗುರುತು ಇರಲಿ.

ಬಳಸುವಾಗ ಪಾತ್ರೆಯ ಹೊರತಳ ಮತ್ತು ತಟ್ಟೆ ಎರಡೂ ಒಣಗಿ ಸ್ವಚ್ಛ ಇರಬೇಕು. ಒಂದೇ ಒಂದು ಅಗುಳು ನಡುವೆ ಸಿಕ್ಕಿಕೊಂಡರೆ ಸಾಕು, ಪಾತ್ರೆ ಒಂದು ಕಡೆ ಎತ್ತಿ ನಿಲ್ಲುತ್ತದೆ. ಗುಂಡಿಗೆ ಪಾತ್ರೆಯ ಬಿಸಿ ಸರಿಯಾಗಿ ತಗಲುವುದಿಲ್ಲ, ಸ್ವಿಚ್ ಒಂದೋ ಬೇಗ ಏಳುತ್ತದೆ, ಇಲ್ಲವೋ ಅನ್ನ ಹೊತ್ತಿದರೂ ಏಳುವುದಿಲ್ಲ. ಆ ಅಗುಳು ಸುಟ್ಟು ಕರಿ ಚುಕ್ಕೆಯಾಗಿ ತಟ್ಟೆಗೆ ಅಂಟಿಕೊಂಡಿರುತ್ತದೆ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ಉಗುರಿನಿಂದ ಕೆರೆದು ಒಣ ಬಟ್ಟೆಯಲ್ಲಿ ಒರೆಸಿದರೆ ಕುಕ್ಕರ್ ಮೊದಲಿನಂತೆ ಆಗುತ್ತದೆ. ಬೂದಿ, ತಂತಿ ಬ್ರಷ್ ಹಾಕಬೇಡಿ. ಬೋರ್ ನೀರಿನ ಬಿಳಿ ಪದರ ಪಾತ್ರೆಯೊಳಗೆ ಕಟ್ಟಿದರೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿದ ನೀರನ್ನು ಸ್ವಲ್ಪ ಹೊತ್ತು ಬಿಸಿ ಮಾಡಿ ಚೆಲ್ಲಿ, ತೊಳೆಯಿರಿ.

ಒಂದು ದಿನ ಕುಕ್ಕರ್ ಪೂರ್ತಿ ಸತ್ತಂತೆ ಆದರೆ, ದೀಪವೂ ಹತ್ತದಿದ್ದರೆ, ಹೆಚ್ಚಾಗಿ ಒಳಗಿನ ಥರ್ಮಲ್ ಫ್ಯೂಸ್ ಹೋಗಿರುತ್ತದೆ. ಸ್ವಿಚ್ ಕೈಕೊಟ್ಟು ಬಿಸಿ ಮಿತಿಮೀರಿದಾಗ ತಾನು ಸುಟ್ಟು ಕರೆಂಟ್ ಕಡಿಯುವುದೇ ಅದರ ಕೆಲಸ. ಅಗ್ಗದ ಸಾಮಾನು, ಅದೇ ಡಿಗ್ರಿಯ ಹೊಸದು ಸಿಗುತ್ತದೆ. ಕೆಲವರು ಅದನ್ನು ತೆಗೆದು ಎರಡು ವೈರ್ ನೇರ ಜೋಡಿಸಿ ಕೊಡುತ್ತಾರೆ. ಕುಕ್ಕರ್ ಓಡುತ್ತದೆ, ಆದರೆ ಮುಂದಿನ ಸಲ ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ರಿಪೇರಿ ಮಾಡುವವರ ಎದುರು ನಿಂತು ಹೊಸ ಫ್ಯೂಸ್ ಹಾಕಿಸಿ, ಯಾಕೆ ಹೋಯಿತು ಅಂತಲೂ ಕೇಳಿ.

ಬೆಲೆಯ ವಿಷಯದಲ್ಲಿ, ನಾನು ಹೇಳಿದಂಥ ಸಾದಾ ಸಣ್ಣ ಕುಕ್ಕರ್ ಸಾಮಾನ್ಯವಾಗಿ 1,200ರಿಂದ 2,500 ರೂಪಾಯಿ ಒಳಗೆ ಬರುತ್ತದೆ. ಎರಡು ಕುಕ್ಕರ್ ನಡುವೆ ಮನಸ್ಸು ತೂಗುತ್ತಿದ್ದರೆ ಯಾವುದರ ಒಳಪಾತ್ರೆ ಬಿಡಿಯಾಗಿ ಬಾಗಲಕೋಟೆಯಲ್ಲೇ ಸಿಗುತ್ತದೋ ಅದನ್ನು ತಗೊಳ್ಳಿ. ಹೀಟರ್ ವರ್ಷಗಟ್ಟಲೆ ಬಾಳುತ್ತದೆ, ಮೊದಲು ಹೋಗುವುದು ಪಾತ್ರೆಯ ಲೇಪ.